ಕಾನೂನು ಕಟ್ಟಿಹಾಕಿದ್ದು ಯಾವ ಕೈಯನ್ನು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಯಾವ ಊರಿನಲ್ಲಿ ಬೀದಿನಾಯಿಗಳ ಮಾತು ತೆಗೆದರೂ ‘ಕೇಂದ್ರದ ಕಾನೂನು ಕೈ ಕಟ್ಟಿಹಾಕಿದೆ’ ಎನ್ನುವವರು ಸಿಗುತ್ತಾರೆ. ಇದು ಅರ್ಧ ನಿಜ. ಉಳಿದರ್ಧ ಮೈಗಳ್ಳತನಕ್ಕೆ ಒದಗಿದ ನೆಪ.

ನಿಜವಿರುವುದು ಇಷ್ಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. ಸ್ಥಳೀಯ ಬೈಲಾ ಈ ನಿಯಮಗಳಿಗಿಂತ ಪ್ರಾಣಿಗೆ ಕಡಿಮೆ ಹಿಂಸೆಯದಾದರೆ ಬೈಲಾವೇ ನಡೆಯುತ್ತದೆ, ಹೆಚ್ಚು ಹಿಂಸೆಯದಾದರೆ ಬಿದ್ದುಹೋಗುತ್ತದೆ ಎಂದು ಅವು ಹೇಳಿದವು. ಹಾಗಾಗಿ ಪುರಸಭೆ ಠರಾವು ಮಾಡಿ ನಾಯಿಗಳನ್ನು ಕೊಲ್ಲಿಸುವಂತಿಲ್ಲ.

ಆದರೆ ನಾಯಿ ಹಿಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸುವ ಹೊಣೆಯನ್ನು 2023ರ ನಿಯಮಗಳು ಹೊರಿಸಿದ್ದು ಸ್ಥಳೀಯ ಸಂಸ್ಥೆಗಳ ಮೇಲೆಯೇ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಕಾನೂನು ತಡೆದಿರುವುದು ಕೊಲ್ಲುವುದನ್ನು, ಕೆಲಸ ಮಾಡುವುದನ್ನಲ್ಲ.

ನಾಯಿಗೆ ಪುರಸಭೆಯ ಗಡಿಯೂ ತಿಳಿಯದು. ಊರೊಳಗೆ ಚಿಕಿತ್ಸೆ ನಡೆದು ಪಕ್ಕದ ಪಂಚಾಯಿತಿ ಸುಮ್ಮನಿದ್ದರೆ ಹೊಸ ನಾಯಿಗಳು ಬಂದೇ ಬರುತ್ತವೆ. ಊರು, ಹಳ್ಳಿ ಒಟ್ಟಿಗೆ ಕೈಹಾಕಬೇಕು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಮಗುವನ್ನು ಉಳಿಸುವ ಮದ್ದಿಲ್ಲ.

ಹಾಗಾಗಿ ಕೇಳಬೇಕಾದ ಲೆಕ್ಕ ಮೂರು: ಊರಲ್ಲಿ ನಾಯಿಗಳೆಷ್ಟು, ಈ ವರ್ಷ ಚಿಕಿತ್ಸೆಯಾದುವೆಷ್ಟು, ಲಸಿಕೆ ಬಿದ್ದುದೆಷ್ಟಕ್ಕೆ? ಕಚೇರಿಯ ಫಲಕದ ಮೇಲೆ ಈ ಅಂಕಿಗಳನ್ನು ಬರೆಯದೆ ಕಾನೂನನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.