ಕಡ್ಡಾಯ ಮಾಡಿದ್ರೆ ಕನ್ನಡ ಉಳಿಯುತ್ತಾ?

ಮಕ್ಕಳು ಒಳಗೆ ಕಾಗುಣಿತ ತಿದ್ದುತ್ತಿರುವಾಗ ಹೊರಗೆ ಕಾಯುವ ಅಪ್ಪ-ಅಮ್ಮಂದಿರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೆ: “ಊರಲ್ಲೇ ಎಷ್ಟೋ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ. ಸರ್ಕಾರ ಎಲ್ಲಾ ಶಾಲೆಗಳಲ್ಲೂ ಕನ್ನಡ ಮಾಧ್ಯಮ ಕಡ್ಡಾಯ ಮಾಡ್ಬೇಕಿತ್ತು.” ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದವನು. ಈಗ ಹಾಗನ್ನಿಸಲ್ಲ. ಯಾಕೆ ಅಂತ ಹೇಳ್ತೀನಿ.

ಸರ್ಕಾರ ಪ್ರಯತ್ನವನ್ನೇ ಮಾಡಲಿಲ್ಲ ಅಂತಿಲ್ಲ. 1994ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೇ ತರಗತಿವರೆಗೆ ಪಾಠ ಮಾತೃಭಾಷೆ ಅಥವಾ ಕನ್ನಡದಲ್ಲೇ ನಡೆಯಬೇಕು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. ಅನುದಾನ ಪಡೆಯದ ಖಾಸಗಿ ಶಾಲೆಗಳ ಮೇಲೆ ಇದನ್ನು ಹೇರುವಂತಿಲ್ಲ ಎಂದು 2008ರಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಸರ್ಕಾರದ ವಿರುದ್ಧವೇ ತೀರ್ಪಿತ್ತಿತು.

ಗಮನಿಸಿ, ಇಂಗ್ಲಿಷೇ ಮೇಲು ಅಂತ ಕೋರ್ಟು ಹೇಳಲಿಲ್ಲ. ಮಾತೃಭಾಷೆಯಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂದು ತಜ್ಞರು ಹೇಳಬಹುದು, ಆದರೂ ಅದನ್ನು ಹೇರುವ ಅಧಿಕಾರ ಸರ್ಕಾರಕ್ಕಿಲ್ಲ ಎಂದಿತು. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಕೊಡಿ ಅನ್ನುತ್ತೆ, ಬಲವಂತ ಮಾಡಿ ಅನ್ನಲ್ಲ. ಮಗುವಿನ ಮಾತೃಭಾಷೆ ಯಾವುದು ಅಂತ ಹೇಳಬೇಕಾದವರೂ ಅಪ್ಪ-ಅಮ್ಮನೇ ಎಂದಿತು.

ಆಗ ನನಗೆ ಸಿಟ್ಟು ಬಂದಿತ್ತು. ಜನ ಆರಿಸಿದ ಸರ್ಕಾರವನ್ನು ತಡೆಯೋಕೆ ಇವರು ಯಾರು? ಆಮೇಲೆ ನನ್ನ ಕೆಲಸವೇ ನೆನಪಾಯಿತು. ನಾನು ಬರೆದ ಕೋಡನ್ನು ನಾನೇ ಪಾಸ್ ಮಾಡುವ ಹಾಗಿಲ್ಲ, ಎಷ್ಟೇ ಅನುಭವ ಇದ್ದರೂ ಇನ್ನೊಬ್ಬರು ನೋಡಲೇಬೇಕು. ಕಾನೂನಿಗೂ ಅಂಥ ಇನ್ನೊಂದು ಕಣ್ಣು ಬೇಕು. ನಾವಿರುವ ಜಪಾನಿನ ಸಂವಿಧಾನವೂ 81ನೇ ವಿಧಿಯಲ್ಲಿ ಈ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಟ್ಟಿದೆ.

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ಕಾಸರಗೋಡಿನಿಂದ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಅದು ಕೇರಳಕ್ಕೆ ಸೇರಿತು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡಿತು. ಅದು ಮಾಧ್ಯಮವಾಗಿ ಅಲ್ಲ, ಒಂದು ವಿಷಯವಾಗಿ ಅಷ್ಟೇ. ಆದರೂ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ನಾವೆಲ್ಲ ಅವರ ಪರ ಮಾತಾಡಿದೆವು. ಬೆಂಗಳೂರಲ್ಲಿ ನಮ್ಮ ಕೈಗೆ ಕೋಲು ಬೇಕು ಅನ್ನುವವರು, ಅದೇ ಕೋಲು ಇನ್ನೊಂದು ರಾಜ್ಯದ ಕೈಯಲ್ಲೂ ಇರುತ್ತೆ ಅನ್ನೋದನ್ನ ಮರೀಬಾರದು. ಕೋಲು ಯಾರ ಕೈಯಲ್ಲಿದ್ದರೂ ಅದಕ್ಕೊಂದು ಮಿತಿ ಹಾಕುವವರು ಬೇಕು.

ಹಾಗಂತ ಈ ತೀರ್ಪಿನಿಂದ ಎಲ್ಲ ಸರಿಹೋಯಿತು ಅಂತಲ್ಲ. ಹತ್ತಿರದಲ್ಲಿ ಒಂದೇ ಶಾಲೆ, ಅದರಲ್ಲಿ ಸಾಕಷ್ಟು ಮೇಷ್ಟ್ರಿಲ್ಲ ಅಂದರೆ ಬಡವರಿಗೆ ‘ಆಯ್ಕೆ’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಕೋರ್ಟು ಸರ್ಕಾರದ ಕೈ ಹಿಡಿದು ತಡೆಯಬಹುದು, ಆದರೆ ಒಳ್ಳೆಯ ಕನ್ನಡ ಶಾಲೆಗಳನ್ನು ನಡೆಸಬೇಕಾದದ್ದು ಸರ್ಕಾರವೇ. ಆದೇಶ ಹೊರಡಿಸೋದಕ್ಕಿಂತ ಅದು ಕಷ್ಟದ ಕೆಲಸ. 2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತರಗತಿ ತೆರೆಯಲು ಹೊರಟಿದ್ದು ನೋಡಿದರೆ, ತಂದೆ-ತಾಯಿಗಳ ಮನಸ್ಸು ಆದೇಶದಿಂದ ಬದಲಾಗಲ್ಲ ಅನ್ನೋದು ಗೊತ್ತಾಗುತ್ತೆ.

ಭಾಷೆಯ ನಿರ್ಧಾರವನ್ನು ಕೋರ್ಟು ವಿಧಾನಸೌಧದಿಂದ ತಂದು ನಮ್ಮ ಮನೆಯೊಳಗೆ ಇಟ್ಟಿದೆ. ಅಂದಮೇಲೆ ಜವಾಬ್ದಾರಿಯೂ ನಮ್ಮದೇ ಅಲ್ವಾ? ಮಕ್ಕಳೇ, ರಜಾದಿನ ಬೆಳಿಗ್ಗೆ ನಿಮ್ಮನ್ನು ಎಬ್ಬಿಸಿ ಶಿನಾಗಾವಾದ ಈ ಶಾಲೆಗೆ ಕರೆತರುವುದು ಸರ್ಕಾರ ಅಲ್ಲ, ನಿಮ್ಮಮ್ಮ. ಜಪಾನಿನಲ್ಲಿ ನಿಮಗೆ ಕನ್ನಡ ಕಲಿಸಿ ಅಂತ ಯಾವ ಆದೇಶವೂ ಇಲ್ಲ. ಆದರೂ ನೀವು ಬರ್ತೀರಿ, ಅಜ್ಜಿಗೆ ಫೋನ್ ಮಾಡಿ ಕನ್ನಡದಲ್ಲಿ ಜಗಳ ಆಡ್ತೀರಿ. ಪೋಷಕರಲ್ಲಿ ನನ್ನದೊಂದೇ ಕೋರಿಕೆ: “ಸರ್ಕಾರ ಮಾಡ್ಬೇಕಿತ್ತು” ಅನ್ನೋ ಮಾತಿಗೆ ಕೊಡುವ ಹತ್ತು ನಿಮಿಷವನ್ನು ದಿನಾ ರಾತ್ರಿ ಮಗುವಿನ ಜೊತೆ ಒಂದು ಕನ್ನಡ ಪುಟ ಓದೋಕೆ ಕೊಡಿ. ಅದಕ್ಕೆ ಯಾವ ಕೋರ್ಟಿನ ತಡೆಯೂ ಇಲ್ಲ.