ಜಾಹೀರಾತಿನ ಮಾತು, ಪೊಟ್ಟಣದ ತೂಕ

ಹುಬ್ಬಳ್ಳಿಯ ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಉಪನ್ಯಾಸಕರು ಒಂದು ಸಣ್ಣ ಕೆಲಸವನ್ನು ಒಪ್ಪಿಸಿದರು. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಒಂದು ದಿನದ ಮಟ್ಟಿಗೆ ಕಣ್ಣಿಗೆ, ಕಿವಿಗೆ ಬಿದ್ದ ಜಾಹೀರಾತುಗಳನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದು ತರಬೇಕು. ಸುಲಭದ ಕೆಲಸವೆಂದೇ ಆತ ಭಾವಿಸಿದ್ದ. ಆದರೆ ಮನೆಯಿಂದ ಹೊರಡುವ ಹೊತ್ತಿಗೆ ಎರಡು ಪುಟಗಳು ತುಂಬಿದ್ದವು. ಹಲ್ಲುಜ್ಜುವ ಪೇಸ್ಟಿನ ಮೇಲೊಂದು ಘೋಷಣೆ, ಹಾಲಿನ ಪೊಟ್ಟಣದ ಮೇಲೊಂದು, ಚಹಾಪುಡಿಯ ಡಬ್ಬಿಯ ಮೇಲೊಂದು. ವೃತ್ತಪತ್ರಿಕೆಯಲ್ಲಿ ಸುದ್ದಿಗಿಂತ ಮೊದಲೇ ಬರುವ ಪೂರ್ಣಪುಟದ ಜಾಹೀರಾತು. ಮೊಬೈಲಿನಲ್ಲಿ ಬಂದವುಗಳನ್ನು ಎಣಿಸುವ ಪ್ರಯತ್ನವನ್ನು ಆತ ಹತ್ತು ನಿಮಿಷಗಳಲ್ಲಿಯೇ ಕೈಬಿಟ್ಟ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನ ಕಿಟಕಿಯಾಚೆಗೆ ಜವಳಿ, ಬಂಗಾರ, ನಿವೇಶನ, ಆಸ್ಪತ್ರೆಗಳ ಫಲಕಗಳು ಸರಿದುಹೋದವು. ಧಾರವಾಡ ಸಮೀಪಿಸಿದಂತೆ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು ಹೆಚ್ಚಾದವು. ಪ್ರತಿಯೊಂದರಲ್ಲೂ ಸಾಲಾಗಿ ಯಶಸ್ವಿ ಅಭ್ಯರ್ಥಿಗಳ ಭಾವಚಿತ್ರಗಳು. ಮಧ್ಯಾಹ್ನ ಕನ್ನಡಿಯ ಮುಂದೆ ನಿಂತಾಗ, ತಾನು ತೊಟ್ಟ ಅಂಗಿಯ ಎದೆಯ ಮೇಲೂ ಒಂದು ಕಂಪನಿಯ ಹೆಸರಿರುವುದು ವಿದ್ಯಾರ್ಥಿಗೆ ಕಂಡಿತು. ಅದಕ್ಕೆ ಹಣ ಕೊಟ್ಟವನು ಅವನೇ. ಪ್ರಚಾರ ಮಾಡುತ್ತಿದ್ದವನೂ ಅವನೇ.

ತರಗತಿಯಲ್ಲಿ ಕಲಿಸುವ ಮಾರುಕಟ್ಟೆ ಶಾಸ್ತ್ರದಲ್ಲಿ ನಾಲ್ಕು ಅಂಶಗಳಿವೆ: ಸರಕು, ಬೆಲೆ, ಸ್ಥಳ ಮತ್ತು ಪ್ರಚಾರ. ಅಮೆರಿಕದ ಜೆರೋಮ್ ಮೆಕಾರ್ಥಿ 1960ರ ತಮ್ಮ ಗ್ರಂಥದಲ್ಲಿ ಈ ವಿಂಗಡಣೆಯನ್ನು ಮುಂದಿಟ್ಟ ಮೇಲೆ ಜಗತ್ತಿನ ಎಲ್ಲ ವಾಣಿಜ್ಯ ತರಗತಿಗಳೂ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿವೆ. ಪುಸ್ತಕದಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಅಂಗಡಿಯಲ್ಲಿ ಅವು ಹಾಗೆ ಬೇರೆ ಬೇರೆಯಾಗಿ ಕೂತಿರುವುದಿಲ್ಲ. ಅಂದಿನ ಸಂಜೆ ಆ ಹುಡುಗನಿಗೆ ಅರಿವಾದದ್ದು ಇದು. ವ್ಯಾಪಾರಸ್ಥರು ಮನಸ್ಸಿಟ್ಟು ಯೋಚಿಸಬೇಕಾದ ವಿಷಯವೂ ಇದೇ.

ಜಾಹೀರಾತನ್ನು ದೂರುವುದು ಹಳೆಯ ಅಭ್ಯಾಸ. ಬೇಡದ್ದನ್ನು ಕೊಳ್ಳುವಂತೆ ಅದು ಮಾಡುತ್ತದೆ, ಮಕ್ಕಳನ್ನು ಕೆಡಿಸುತ್ತದೆ ಎಂಬ ಮಾತುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಜಾಹೀರಾತಿಲ್ಲದೆ ಕೊಳ್ಳುವವನಿಗೂ ಮಾರುವವನಿಗೂ ಭೇಟಿಯೇ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗಲಾಗದೆ ರಾಶಿ ಬಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸಾಬೂನಿನ ತಯಾರಿಕೆಯೂ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್, ಸರ್ ಎಂ. ವಿಶ್ವೇಶ್ವರಯ್ಯ, ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿ ಇವರ ಹೆಸರುಗಳನ್ನು ಎಲ್ಲರೂ ನೆನೆಯುತ್ತಾರೆ. ಆ ಸಾಬೂನು ಮನೆಮಾತಾದದ್ದು ಗುಣದಿಂದ ಮಾತ್ರವಲ್ಲ ಎಂಬುದನ್ನು ನೆನೆಯುವವರು ಕಡಿಮೆ. ಟ್ರಾಮ್ ಟಿಕೆಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅದರ ಚಿತ್ರವಿತ್ತು. ಕರಾಚಿಯಲ್ಲಿ ಅದಕ್ಕಾಗಿ ಒಂಟೆಗಳ ಮೆರವಣಿಗೆಯನ್ನೂ ನಡೆಸಲಾಯಿತು. ಒಡವೆಯ ಪೆಟ್ಟಿಗೆಯಂತಹ ರಟ್ಟಿನ ಡಬ್ಬಿ, ಅದರ ಮೇಲೆ ಶರಭದ ಲಾಂಛನ, ಇವೆಲ್ಲವೂ ಜಾಹೀರಾತೇ. ಅದೇ ಸಾಬೂನಿಗೆ 2025ರ ಮೇ ತಿಂಗಳಲ್ಲಿ ಚಿತ್ರನಟಿಯೊಬ್ಬರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿಗೆ ಪ್ರಚಾರ ರಾಯಭಾರಿಯಾಗಿ ನೇಮಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡದ ನಟಿಯರಿಲ್ಲವೇ ಎಂದು ಕೇಳಿದವರು ಬಹಳ. ಹೊರರಾಜ್ಯಗಳ ಮಾರುಕಟ್ಟೆಯೇ ಗುರಿಯೆಂದು ಉತ್ತರ ಬಂದಿತು. ಎರಡೂ ಕಡೆಯ ವಾದದಲ್ಲಿ ತಿರುಳಿತ್ತು. ಒಟ್ಟಿನಲ್ಲಿ ಆ ಖರ್ಚು ಎಲ್ಲರ ಕಣ್ಣೆದುರಿಗಿತ್ತು, ಆದ್ದರಿಂದಲೇ ಚರ್ಚೆಯೂ ಸಾಧ್ಯವಾಯಿತು. ನಂದಿನಿ ಹಾಲಿಗೆ ಮೊದಲು ಡಾ. ರಾಜ್‌ಕುಮಾರ್, ಅನಂತರ ಪುನೀತ್ ರಾಜ್‌ಕುಮಾರ್ ಹಣ ಪಡೆಯದೆಯೇ ಪ್ರಚಾರ ನೀಡಿದ್ದರೆಂಬುದನ್ನೂ ಜನ ಆಗ ನೆನಪಿಸಿಕೊಂಡರು.

ಸುಳ್ಳು ಜಾಹೀರಾತಿಗೆ ಈಗ ಕಾನೂನಿನ ಕಡಿವಾಣವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದರ ಅಡಿಯಲ್ಲಿ ರಚನೆಯಾದ ಕೇಂದ್ರೀಯ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಒಬ್ಬನೇ ಅಭ್ಯರ್ಥಿಯ ಭಾವಚಿತ್ರ ಹಲವು ತರಬೇತಿ ಕೇಂದ್ರಗಳ ಫಲಕಗಳಲ್ಲಿ ಕಾಣಿಸಿಕೊಳ್ಳುತ್ತಿದ್ದುದನ್ನೂ, ಆತ ನಿಜವಾಗಿ ಯಾವ ತರಬೇತಿ ಪಡೆದನೆಂಬುದನ್ನು ಮುಚ್ಚಿಡುತ್ತಿದ್ದುದನ್ನೂ ಪ್ರಾಧಿಕಾರ ಗಮನಿಸಿ, 2024ರ ನವೆಂಬರಿನಲ್ಲಿ ಆ ಕ್ಷೇತ್ರಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಇದೆಲ್ಲ ಸ್ವಾಗತಾರ್ಹ. ಆದರೆ ಕಾನೂನು ಹಿಡಿಯುವುದು ಸುಳ್ಳನ್ನು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಸತ್ಯವನ್ನು ಅದು ಹಿಡಿಯಲಾರದು.

ಆ ಸಂಜೆ ವಿದ್ಯಾರ್ಥಿಯು ದುರ್ಗದ ಬೈಲಿನ ಬಳಿಯಿರುವ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದ. ವಯಸ್ಸಾದ ಹೆಣ್ಣುಮಗಳೊಬ್ಬರು ಸಾಬೂನನ್ನು ಅಂಗೈಯಲ್ಲಿ ತೂಗಿ ನೋಡುತ್ತ, “ಸಾವಕಾರ್ರ, ಈ ಸಬಕಾರ ಮೊದಲಿನಕಿಂತ ಸಣ್ಣದಾಗೇತಲ್ರೀ?” ಎಂದು ಕೇಳಿದರು. “ಕಂಪನಿಯವರು ಮಾಡಿದ್ದಬೇ, ನಮ್ಮ ಕೈಯಾಗ ಏನೈತಿ?” ಎಂದು ಅಂಗಡಿಕಾರರು ಉತ್ತರಿಸಿದರು. ಆಕೆ ಹಣ ಕೊಟ್ಟು, ಪೂರ್ತಿ ನಂಬದ ಮುಖ ಮಾಡಿಕೊಂಡು ಹೊರಟರು. ದಿನವಿಡೀ ಬರೆದ ಟಿಪ್ಪಣಿಗಳಲ್ಲಿ ಇಲ್ಲದ ಒಂದು ಸಂಗತಿ ಆ ಅರ್ಧ ನಿಮಿಷದಲ್ಲಿತ್ತು. ಸಾಬೂನಿನ ಬೆಲೆ ಬದಲಾಗಿರಲಿಲ್ಲ, ಹೊದಿಕೆಯ ಬಣ್ಣ ಬದಲಾಗಿರಲಿಲ್ಲ, ದೂರದರ್ಶನದ ಹಾಡೂ ಅದೇ. ತೂಕವೊಂದೇ ಬದಲಾಗಿತ್ತು. ತೂಕವನ್ನು ಇಳಿಸಿದವರು ಎಲ್ಲೋ ದೂರದ ಊರಿನಲ್ಲಿದ್ದರು. ಸಂದೇಹಕ್ಕೆ ಗುರಿಯಾದವರು ಮೂವತ್ತು ವರ್ಷಗಳಿಂದ ಅದೇ ಗಲ್ಲೆಯ ಮೇಲೆ ಕುಳಿತವರು.

ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಬಿಸ್ಕತ್ತು, ಚಹಾ, ಖಾದ್ಯ ತೈಲ, ಸಾಬೂನು ಮೊದಲಾದ ಅನೇಕ ಸರಕುಗಳನ್ನು ನಿಗದಿತ ತೂಕ-ಅಳತೆಗಳ ಪೊಟ್ಟಣಗಳಲ್ಲಿಯೇ ಮಾರಬೇಕೆಂಬ ಪಟ್ಟಿಯೊಂದು ಹಿಂದೆ ಇತ್ತು. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಿಂದ ಆ ಪಟ್ಟಿ ಹೋಯಿತು. ಅದಕ್ಕೆ ಪ್ರತಿಯಾಗಿ, ಪ್ರತಿ ಗ್ರಾಂ ಅಥವಾ ಪ್ರತಿ ಕಿಲೋಗ್ರಾಂಗೆ ಬೀಳುವ ಬೆಲೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ನಿಯಮ ಬಂದಿತು. ತಯಾರಕನಿಗೆ ತನಗೆ ಬೇಕಾದ ಅಳತೆಯಲ್ಲಿ ಮಾರುವ ಸ್ವಾತಂತ್ರ್ಯ, ಗ್ರಾಹಕನಿಗೆ ಹೋಲಿಸಿ ನೋಡುವ ಅನುಕೂಲ. ಉದ್ದೇಶ ಉತ್ತಮವಾದದ್ದು.

ಆಚರಣೆಯಲ್ಲಿ ಏನಾಗಿದೆ? ಒಂದು ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿ ನಮೂದಿಸಬೇಕು. ದಶಾಂಶದ ಎರಡು ಸ್ಥಾನಗಳಿಗೆ ಪೂರ್ಣಗೊಳಿಸಬೇಕು. ಬಟ್ಟೆ ಒಗೆಯುವ ಪುಡಿಯ ಮೂರು ಪೊಟ್ಟಣಗಳನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ಮೊದಲನೆಯದು 850 ಗ್ರಾಂ, 115 ರೂಪಾಯಿ. ಎರಡನೆಯದು 900 ಗ್ರಾಂ, 130 ರೂಪಾಯಿ. ಮೂರನೆಯದು ಒಂದೂವರೆ ಕಿಲೋ, 210 ರೂಪಾಯಿ. ಮೊದಲೆರಡರ ಮೇಲೂ ಗ್ರಾಂಗೆ 0.14 ರೂಪಾಯಿ ಎಂದೇ ಅಚ್ಚಾಗುತ್ತದೆ. ಮೂರನೆಯದರ ಮೇಲೆ ಕಿಲೋಗೆ 140 ರೂಪಾಯಿ ಎಂದಿರುತ್ತದೆ. ನೋಡಿದವರಿಗೆ ಮೂರೂ ಒಂದೇ ಬೆಲೆಯವು. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಗೆ ಸುಮಾರು 135 ರೂಪಾಯಿ, ಎರಡನೆಯದು 144 ರೂಪಾಯಿಗೂ ಮೇಲೆ. ಕಿಲೋಗೆ ಒಂಬತ್ತು ರೂಪಾಯಿಯ ವ್ಯತ್ಯಾಸ ದಶಾಂಶದಲ್ಲಿಯೇ ಕರಗಿಹೋಗಿರುತ್ತದೆ. ದೊಡ್ಡ ಪೊಟ್ಟಣ ಅಗ್ಗವೆಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. ನಿಯಮವನ್ನು ಅಕ್ಷರಶಃ ಪಾಲಿಸಿದರೂ ಹೀಗೆ ಆಗುವುದಾದರೆ, ತಿದ್ದಬೇಕಾದದ್ದು ನಿಯಮವನ್ನೇ. ಸಣ್ಣದಿರಲಿ, ದೊಡ್ಡದಿರಲಿ, ಎಲ್ಲ ಪೊಟ್ಟಣಗಳಿಗೂ ಕಿಲೋ ಅಥವಾ ಲೀಟರಿನ ಬೆಲೆಯೊಂದನ್ನೇ ಎಂ.ಆರ್.ಪಿ.ಯಷ್ಟೇ ದೊಡ್ಡ ಅಕ್ಷರದಲ್ಲಿ ನಮೂದಿಸುವಂತಾಗಬೇಕು. ಇಂತಹ ಬೇಡಿಕೆಯನ್ನು ಗ್ರಾಹಕ ಸಂಘಗಳಿಗಿಂತ ಮೊದಲು ವಾಣಿಜ್ಯ ಸಂಸ್ಥೆಗಳೇ ಸರ್ಕಾರದ ಮುಂದಿಟ್ಟರೆ ಅದಕ್ಕೆ ಬೇರೆಯದೇ ತೂಕವಿರುತ್ತದೆ.

ತೂಕ ಇಳಿಸುವುದೇ ಅಪರಾಧವೆಂದು ಯಾರೂ ಹೇಳಲಾರರು. ಕಚ್ಚಾ ಸಾಮಗ್ರಿ, ಸಾಗಣೆ, ಕೂಲಿ ಎಲ್ಲವೂ ಏರುವಾಗ ತಯಾರಕನಿಗೆ ಎರಡೇ ದಾರಿ. ಐದು, ಹತ್ತು ರೂಪಾಯಿಯ ಪೊಟ್ಟಣಗಳಿಗೆ ಒಂದೇ ದಾರಿ, ಏಕೆಂದರೆ ಅಲ್ಲಿ ನಾಣ್ಯವೇ ಬೆಲೆ. 1983ರಲ್ಲಿ ತಮಿಳುನಾಡಿನಲ್ಲಿ ಸಿ.ಕೆ. ರಂಗನಾಥನ್ ಆರಂಭಿಸಿದ ಚಿಕ್ ಶಾಂಪೂ, ಸಣ್ಣ ಪೊಟ್ಟಣದ ಮೂಲಕವೇ ಹಳ್ಳಿಹಳ್ಳಿಗಳನ್ನು ತಲುಪಿತು. ಕೂಲಿಯವನ ಮನೆಗೂ ಶಾಂಪೂ ಹೋದದ್ದು ಅದರಿಂದ. ಇದು ಮಾರುಕಟ್ಟೆಯ ಜಾಣ್ಮೆಯೂ ಹೌದು, ಉಪಕಾರವೂ ಹೌದು. ಆದರೆ ನಾಣ್ಯಕ್ಕೆ ಕಟ್ಟಿದ ಸರಕಿನಲ್ಲಿ ಬೆಲೆ ಏರುವುದೂ ಇಳಿಯುವುದೂ ತೂಕದ ಮೂಲಕವೇ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಮೇಲಿನ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿದಾಗ, ಸಣ್ಣ ಪೊಟ್ಟಣಗಳ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುವ ಮಾತು ಉದ್ಯಮದಲ್ಲಿ ಕೇಳಿಬಂದದ್ದು ಇದೇ ಕಾರಣಕ್ಕೆ. ತೂಕ ಹೆಚ್ಚಿದಾಗ ಪೊಟ್ಟಣದ ಮೇಲೆ “ಹೆಚ್ಚುವರಿ” ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಕಡಿಮೆಯಾದಾಗ ಅಂತಹ ಅಚ್ಚನ್ನು ಕಂಡವರು ಯಾರೂ ಇರಲಾರರು.

ಬೇರೆ ರೀತಿಯಲ್ಲಿ ನಡೆದುಕೊಳ್ಳಲು ಸಾಧ್ಯವೇ ಎಂದು ಕೇಳುವವರು ಹಾಲಿನ ಉದಾಹರಣೆಯನ್ನು ನೋಡಬಹುದು. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಹಾಗೂ ಒಂದು ಲೀಟರ್ ಪೊಟ್ಟಣಗಳಿಗೆ 50 ಮಿ.ಲೀ. ಸೇರಿಸಿ 2 ರೂಪಾಯಿ ಏರಿಸಲಾಯಿತು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿಸಿದಾಗ ಆ ಹೆಚ್ಚುವರಿ ಪ್ರಮಾಣವನ್ನು ಹಿಂತೆಗೆಯಲಾಯಿತು. ಎರಡು ಬಾರಿಯೂ ಟೀಕೆ ಬಂದಿತು, ರಾಜಕೀಯವೂ ಬಂದಿತು. ಆದರೆ ಏರಿಕೆ, ಪ್ರಮಾಣ, ಜಾರಿಯಾಗುವ ದಿನ ಎಲ್ಲವೂ ಮೊದಲೇ ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗಿದ್ದವು. ಬೆಳಗಿನ ಹಾಲಿನ ಬೂತಿನವನನ್ನು ಕಳ್ಳನಂತೆ ನೋಡುವ ಪ್ರಸಂಗ ಬರಲಿಲ್ಲ. ಬೈದವರು ಬೈಯಬೇಕಾದವರನ್ನೇ ಬೈದರು.

ಧಾರವಾಡದ ಲೈನ್ ಬಜಾರಿನಲ್ಲಿ ಫೇಡೆ ಕೊಳ್ಳಲು ನಿಂತ ಸರದಿಯನ್ನು ವಿದ್ಯಾರ್ಥಿಯು ಅದೇ ದಿನ ಕಂಡು, ಇದನ್ನು ಜಾಹೀರಾತು ಎಂದು ಬರೆಯಬೇಕೇ ಬೇಡವೇ ಎಂದು ಅನುಮಾನಿಸಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದ. ತಲೆಮಾರುಗಳ ಹೆಸರಿರುವ ಅಂಗಡಿಗೆ ಸರದಿಯೇ ಫಲಕ. ಆದರೆ ಎಲ್ಲರಿಗೂ ಆ ಭಾಗ್ಯವಿಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುವ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳಿಗೆ ದೂರದರ್ಶನದ ಸೆಕೆಂಡುಗಳನ್ನು ಕೊಳ್ಳುವ ಶಕ್ತಿಯಿಲ್ಲ. ಅವರಿಗಿರುವ ಜಾಹೀರಾತು ಪೊಟ್ಟಣದ ಮೇಲಿನ ಚೀಟಿಯೊಂದೇ. ಎಷ್ಟು ಗ್ರಾಂ, ಯಾವ ದಿನ ಕಟ್ಟಿದ್ದು, ಎಷ್ಟು ರೊಟ್ಟಿಗಳಿವೆ, ಕಿಲೋಗೆ ಎಷ್ಟು ಬೀಳುತ್ತದೆ ಎಂಬುದನ್ನು ಓದುವಂತೆ ಬರೆದರೆ ಅದೇ ಅವರ ಬಂಡವಾಳ. ಹೋಲಿಸಿ ಕೊಳ್ಳುವುದು ಗ್ರಾಹಕರಿಗೆ ಸುಲಭವಾದಷ್ಟೂ ಸಣ್ಣ ತಯಾರಕರಿಗೆ ಲಾಭ. ಹೋಲಿಕೆ ಕಷ್ಟವಾದಷ್ಟೂ ದೊಡ್ಡ ಹೆಸರಿಗೆ ಲಾಭ. ಈ ಸರಳ ಸಂಗತಿ ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತೆರಿಗೆ, ಪರವಾನಗಿಗಳ ಚರ್ಚೆಯಲ್ಲಿಯೇ ಹೊತ್ತು ಕಳೆಯುತ್ತದೆ.

ಹಳೆಯ ಕಾಳುಕಡಿ ಅಂಗಡಿಗಳಲ್ಲಿ ಇದಕ್ಕೆ ಒಂದು ಪದ್ಧತಿಯೇ ಇತ್ತು. ಬಾಯಿ ತೆರೆದ ಅಕ್ಕಿಚೀಲದಲ್ಲಿ, ತೊಗರಿಬೇಳೆಯ ಚೀಲದಲ್ಲಿ ಕಿಲೋ ಬೆಲೆ ಬರೆದ ರಟ್ಟಿನ ತುಂಡನ್ನು ಚುಚ್ಚಿಡುತ್ತಿದ್ದರು. ಈಗಲೂ ಕೆಲವೆಡೆ ಇಡುತ್ತಾರೆ. ಸರಕು, ಬೆಲೆ, ಸ್ಥಳ, ಪ್ರಚಾರ ನಾಲ್ಕೂ ಆ ತುಂಡಿನಲ್ಲಿದ್ದವು. ಅಕ್ಕಿಯ ಗುಣವನ್ನು ಗ್ರಾಹಕರು ಕೈಯಲ್ಲಿ ಹಿಡಿದೇ ನೋಡುತ್ತಿದ್ದರು.

ವಿದ್ಯಾರ್ಥಿಯು ಮರುದಿನ ಟಿಪ್ಪಣಿ ಪುಸ್ತಕವನ್ನು ಉಪನ್ಯಾಸಕರಿಗೆ ಒಪ್ಪಿಸಿದ. ಸಂಜೆ ಮಾವನ ಅಂಗಡಿಯಲ್ಲಿ ಹಳೆಯ ಡಬ್ಬಿಗಳ ರಟ್ಟನ್ನು ಕತ್ತರಿಸಿ, ಸಾಬೂನು, ಒಗೆಯುವ ಪುಡಿ, ಚಹಾಪುಡಿಗಳ ಕಿಲೋ ಬೆಲೆಯನ್ನು ಲೆಕ್ಕ ಹಾಕಿ ಬರೆದು, ಹತ್ತು ತುಂಡುಗಳನ್ನು ಕಪಾಟಿನ ಅಂಚಿಗೆ ಸಿಕ್ಕಿಸಿದ. ಮಾವ ಒಂದೊಂದನ್ನೂ ಓದಿದರು. ಹೆಚ್ಚು ಲಾಭ ಬಿಡುವ ಎರಡು ಸರಕುಗಳ ಮುಂದಿನ ತುಂಡುಗಳನ್ನು ಕಿತ್ತು ಗಲ್ಲೆಯ ಖಾನೆಯಲ್ಲಿ ಹಾಕಿಕೊಂಡರು. ಉಳಿದ ಎಂಟನ್ನು ಹಾಗೆಯೇ ಬಿಟ್ಟರು.