ನಮ್ಮ ಟಪಾಲು ಯಾರ ಕೈಯಲ್ಲಿ?

ಮತ್ತೊಬ್ಬರ ಕಾಗದವನ್ನು ಒಡೆದು ಓದುವುದು ತಪ್ಪೆಂದು ನಮ್ಮ ಹಳ್ಳಿಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಅಕ್ಷರ ಬಾರದ ತಾಯಿ ಕೂಡ ಮಗನ ಪತ್ರವನ್ನು ಓದಿಸಲು ನಂಬಿಕೆಯವರನ್ನೇ ಹುಡುಕಿಕೊಂಡು ಹೋಗುತ್ತಿದ್ದಳು. ಇಂದು ಪತ್ರ ಹೋಗಿ ಮೊಬೈಲು ಬಂದಿದೆ. ಸೇಡಂ, ವಾಡಿಯ ಸಿಮೆಂಟು ಕಾಮಗಾರ, ಶಹಾಬಾದ, ಚಿತ್ತಾಪುರದ ಫರಸಿ ಖಣಿಯ ಕೂಲಿಕಾರ, ಚಿಂಚೋಳಿಯ ತೊಗರಿ ಬೆಳೆಗಾರ, ಎಲ್ಲರ ಮಾತುಕತೆಯೂ ವಾಟ್ಸಾಪಿನಲ್ಲಿ ನಡೆಯುತ್ತದೆ. ಸಭೆಯ ಕರೆ, ಪಗಾರದ ತಕರಾರು, ಸದಸ್ಯರ ಪಟ್ಟಿ, ಎಲ್ಲವೂ ಅಲ್ಲಿಯೇ. ಆದರೆ ಆ ಟಪಾಲು ಕಚೇರಿ ಯಾರದು, ಅದರ ಯಜಮಾನನಿಗೆ ಏನೇನು ಕಾಣುತ್ತದೆ, ಬೇರೆ ದಾರಿ ಉಂಟೇ ಎಂದು ಕೇಳಿದವರು ವಿರಳ.

ನಮ್ಮ ಭಾಗದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕಾಮಗಾರರು ಭವಿಷ್ಯನಿಧಿಯ ಕಡಿತದ ಬಗ್ಗೆ ತಮ್ಮ ಗುಂಪಿನಲ್ಲಿ ಬರೆದುಕೊಂಡ ಮಾತು ಮರುದಿನವೇ ಗುತ್ತಿಗೆದಾರನಿಗೆ ತಲುಪಿತು. ಮೂವರ ಗೇಟ್ ಪಾಸು ಹೋಯಿತು. ಆದುದರಿಂದ ಇದು ಓದಿದವರ ಹವ್ಯಾಸದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಕದ್ದು ಕೇಳುವ ಚಟ ಸರಕಾರಗಳಿಗೆ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ರಾಜೀನಾಮೆ ಕೊಡಬೇಕಾಯಿತು. ಕದ್ದಾಲಿಕೆಗೆ ಕಟ್ಟುಪಾಡು ಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟಿನಲ್ಲಿ 9 ನ್ಯಾಯಾಧೀಶರ ಪೀಠ ಸಾರಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಕ್ಕು ಕಾಗದದ ಮೇಲೆ ಬಂದಿದೆ. ಅದನ್ನು ಕೈಯಲ್ಲಿ ಹಿಡಿಯುವ ಉಪಾಯವೇನು? ಈಗ ಇರತಕ್ಕ ಸಾಧನಗಳನ್ನು ಮೂರು ಬಗೆಯಾಗಿ ನೋಡೋಣ.

ಮೊದಲನೆಯದು ಒಂದೇ ಟಪಾಲು ಕಚೇರಿಯ ಪದ್ಧತಿ. ವಾಟ್ಸಾಪು ಈ ಬಗೆಯದು. 2016ರಿಂದ ಅದರಲ್ಲಿ ಕಳುಹಿಸಿದವನ ಫೋನಿನಲ್ಲಿ ಮುಚ್ಚಿದ ಮಾತು ಪಡೆಯುವವನ ಫೋನಿನಲ್ಲಿಯೇ ತೆರೆಯುತ್ತದೆ. ಇದಕ್ಕೆ ಗೂಢಲಿಪಿ ಎನ್ನುತ್ತಾರೆ. ಕಂಪನಿಯವರು ನಮ್ಮ ಮಾತನ್ನೆಲ್ಲ ಕುಳಿತು ಓದುತ್ತಾರೆಂಬುದು ನಿಜವಲ್ಲ. ಆದರೆ ಲಕೋಟೆಯ ಹೊರಮೈ ಅವರಿಗೆ ಕಾಣುತ್ತದೆ. ಯಾರು ಯಾರಿಗೆ ಬರೆದರು, ಎಷ್ಟು ಹೊತ್ತಿಗೆ, ಯಾವ ಗುಂಪಿನಲ್ಲಿ ಯಾರಿದ್ದಾರೆ, ಇಷ್ಟು ತಿಳಿದರೆ ಸಂಘಟನೆಯ ನಕ್ಷೆಯೇ ಸಿಕ್ಕಂತೆ. ಬಳಕೆದಾರರ ವಿವರವನ್ನು ಹಂಚಿಕೊಳ್ಳುವ 2021ರ ನಿಯಮಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಯಜಮಾನ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಟೆಲಿಗ್ರಾಮಿನ ಹೆಸರು ಗುಟ್ಟಿಗೆ ಪ್ರಸಿದ್ಧ. ಆದರೆ ಅದರ ಸಾಮಾನ್ಯ ಮಾತುಕತೆಗೂ ಗುಂಪುಗಳಿಗೂ ಇಂಥ ಮುದ್ರೆಯೇ ಇಲ್ಲ.

ಅದೇ ಬಗೆಯ ಸಿಗ್ನಲ್ ಲಾಭಕ್ಕಾಗಿ ನಡೆಯುವುದಲ್ಲ. ವಾಟ್ಸಾಪು ತನ್ನ ಗೂಢಲಿಪಿಯನ್ನು ಪಡೆದದ್ದೇ ಸಿಗ್ನಲ್‌ನವರಿಂದ. 2016ರಲ್ಲಿ ಅಮೆರಿಕದ ನ್ಯಾಯಾಂಗ ಲೆಕ್ಕ ಕೇಳಿದಾಗ ಅದು ಕೊಡಬಲ್ಲದ್ದಾಗಿದ್ದುದು ಎರಡೇ ಸಂಗತಿ: ಖಾತೆ ತೆರೆದ ಸಮಯ, ಕೊನೆಯ ಬಾರಿ ಜೋಡಣೆಯಾದ ದಿನ. ಬೇರೆ ಏನನ್ನೂ ಅದು ಕೂಡಿಟ್ಟಿರಲಿಲ್ಲ. ಆದರೂ ಕಚೇರಿ ಒಂದೇ. 2021ರ ಅಕ್ಟೋಬರ್ 4ರಂದು ಮೆಟಾದ ಯಂತ್ರಗಳು ನಿಂತು ಜಗತ್ತಿನ ವಾಟ್ಸಾಪು ಸುಮಾರು 6 ತಾಸು ಮೂಕವಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕಂಪನಿಯ ಯಂತ್ರಗಳು ಕೆಟ್ಟಾಗ ಸಿಗ್ನಲ್ ಕೂಡ ತಡವರಿಸಿತು. ಅಲ್ಲದೆ ಸಿಗ್ನಲ್ ಸೇರಲು ಫೋನ್ ನಂಬರು ಬೇಕು. 2024ರಿಂದ ಅದನ್ನು ಉಳಿದವರಿಗೆ ಕಾಣದಂತೆ ಇಡಬಹುದು.

ಎರಡನೆಯದು ಹಲವು ಟಪಾಲು ಕಚೇರಿಗಳ ಪದ್ಧತಿ. ಮ್ಯಾಟ್ರಿಕ್ಸ್ ಎಂಬುದು ಇಂಥದು. ಅದನ್ನು ಬಳಸುವ ಆಪ್‌ಗಳಲ್ಲಿ ಎಲಿಮೆಂಟ್ ಹೆಸರಾದದ್ದು. ಇಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಬೇರೆಯವರ ಸರ್ವರ್ ಜೊತೆ ಟಪಾಲು ವಿನಿಮಯ ಮಾಡಬಹುದು. ಅಧಿಕಾರ ಒಂದೆಡೆ ಗುಡ್ಡೆಯಾಗದೆ ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲಬೇಕೆಂದು ಲೋಹಿಯಾ ಹೇಳಿದ್ದು ರಾಜ್ಯಾಡಳಿತದ ಬಗ್ಗೆ. ಟಪಾಲಿಗೂ ಆ ಮಾತು ಸಲ್ಲುತ್ತದೆ. ಫ್ರಾನ್ಸಿನ ಸರಕಾರ 2019ರಲ್ಲಿ ತನ್ನ ನೌಕರರಿಗಾಗಿ ಇದರ ಮೇಲೆಯೇ ಸ್ವಂತ ವ್ಯವಸ್ಥೆ ಕಟ್ಟಿಕೊಂಡಿತು. ಆದರೆ ಸರ್ವರ್ ನೋಡಿಕೊಳ್ಳುವವನಿಗೆ ಲಕೋಟೆಯ ಹೊರಮೈ ಇಲ್ಲಿಯೂ ಕಾಣುತ್ತದೆ. ಅವನು ನಮ್ಮವನಾಗಿರಬೇಕು, ಕೆಲಸ ಬಲ್ಲವನೂ ಆಗಿರಬೇಕು. ಯಂತ್ರಕ್ಕೆ ದುಡ್ಡು ಬೇಕು, ಕರೆಂಟು ಬೇಕು.

ಮೂರನೆಯದು ಟಪಾಲು ಕಚೇರಿಯೇ ಇಲ್ಲದ ಪದ್ಧತಿ. ಬ್ರಯರ್ ಎಂಬುದರಲ್ಲಿ ಮಾತು ಫೋನಿನಿಂದ ಫೋನಿಗೆ ನೇರ ಹೋಗುತ್ತದೆ. ಇಂಟರ್ನೆಟ್ ಇದ್ದರೆ ಗುರುತು ಮರೆಸುವ ದಾರಿಯಲ್ಲಿ, ಇಲ್ಲದಿದ್ದರೆ ಹತ್ತಿರದವರ ನಡುವೆ ಬ್ಲೂಟೂತಿನಲ್ಲಿ. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ಮೊಬೈಲ್ ಇಂಟರ್ನೆಟ್ ಕಡಿದರು. 2021ರ ಜನವರಿಯಲ್ಲಿ ದಿಲ್ಲಿಯ ಗಡಿಯಲ್ಲಿ ಕುಳಿತ ರೈತರಿಗೂ ಹಾಗೆಯೇ ಮಾಡಿದರು. ಅಂಥ ದಿನಕ್ಕೆ ಇದು ಒದಗುತ್ತದೆ. ಆದರೆ ಬ್ಲೂಟೂತು ಒಂದು ಅಂಗಳ ದಾಟುವುದು ಕಷ್ಟ. ಸಾಮಾನ್ಯವಾಗಿ ಇಬ್ಬರ ಫೋನೂ ಒಂದೇ ಹೊತ್ತಿಗೆ ಎಚ್ಚರವಿರಬೇಕು. ಫೋನುಗಳ ಪೈಕಿ ಆಂಡ್ರಾಯ್ಡಿನಲ್ಲಿ ಮಾತ್ರ ನಡೆಯುತ್ತದೆ. ವಾಡಿಯಿಂದ ಚಿಂಚೋಳಿಗೆ ದಿನನಿತ್ಯ ಸುದ್ದಿ ಕಳುಹಿಸಲು ಇದನ್ನೇ ನಂಬಿದರೆ ನಡೆಯದು.

2023ರ ಮೇ ತಿಂಗಳಲ್ಲಿ ಬಂದ ಸುದ್ದಿಯನ್ನು ವಾಚಕರು ನೆನೆಯಬೇಕು. ಜಮ್ಮು ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆಂಬ ಕಾರಣದಿಂದ ಕೇಂದ್ರ ಸರಕಾರ 14 ಆಪ್‌ಗಳಿಗೆ ತಡೆ ಹಾಕಿತು. ಆ ಪಟ್ಟಿಯಲ್ಲಿ ಎಲಿಮೆಂಟ್ ಮತ್ತು ಬ್ರಯರ್ ಇದ್ದವು. ಒಂದು ದೇಶದ ಸರಕಾರ ತನ್ನ ನೌಕರರಿಗೆ ಕೊಡುವ ಪದ್ಧತಿಯ ಆಪು ಇನ್ನೊಂದು ದೇಶದಲ್ಲಿ ಅಪರಾಧಿಯ ಆಯುಧವಾಗುತ್ತದೆ!

ಗುಟ್ಟು ಕೆಟ್ಟವರಿಗೂ ಒದಗುತ್ತದಲ್ಲ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯ. 2018ರ ಜುಲೈಯಲ್ಲಿ ನಮ್ಮ ನೆರೆಯ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಬ್ಬ ನಿರಪರಾಧಿಯ ಜೀವ ಹೋಯಿತು. ಮೊದಲು ಬರೆದವನಾರೆಂದು ದೊಡ್ಡ ಆಪ್‌ಗಳು ಪತ್ತೆ ಹೇಳಬೇಕೆಂಬ 2021ರ ನಿಯಮಕ್ಕೆ ಇಂಥ ಘಟನೆಗಳೇ ಆಧಾರ. ಆದರೆ ವದಂತಿ ಗುಟ್ಟಿನ ಮಾತಲ್ಲ. ಅದು ನೂರು ಗುಂಪಿಗೆ ಹರಿದಾಡುವ ಮಾತು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ದಾಟಿಸದಂತೆ ವಾಟ್ಸಾಪು ಮಿತಿ ಹಾಕಿತು. ಅದಕ್ಕೆ ಯಾರ ಲಕೋಟೆಯನ್ನೂ ಒಡೆಯಬೇಕಾಗಲಿಲ್ಲ. ಊರಿನಲ್ಲಿ ಒಬ್ಬ ಕಳ್ಳನಿದ್ದಾನೆಂದು ಎಲ್ಲ ಮನೆಗಳ ಚಿಲಕ ಕೀಳಿಸುವುದು ಯಾವ ನ್ಯಾಯ? ಗುಪ್ತ ಮತದಾನವನ್ನು ಒಪ್ಪಿದವರು ಗುಪ್ತ ಮಾತನ್ನು ಒಪ್ಪದಿರಲು ಕಾರಣವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಅಭಿಪ್ರಾಯ ಹೀಗಿದೆ. ಸಭೆಯ ಕರೆ, ಭಾಷಣ, ಬೇಡಿಕೆ, ಠರಾವು ಬಹಿರಂಗವೇ ಇರಲಿ. ಅವು ವಾಟ್ಸಾಪಿನಲ್ಲಿಯೂ ಗೋಡೆಯ ಮೇಲೆಯೂ ಇರಲಿ. ಜನರ ಚಳುವಳಿ ಕತ್ತಲೆಯಲ್ಲಿ ಬೆಳೆಯುವುದಿಲ್ಲ. ಆದರೆ ಸದಸ್ಯರ ಪಟ್ಟಿ, ಮೇಲಿನವನ ಕಿರುಕುಳದ ಬಗ್ಗೆ ಹೆಣ್ಣುಮಕ್ಕಳು ಕೊಡುವ ದೂರು, ಮಾಲಕರೊಡನೆ ಮಾತುಕತೆಗೆ ಮುಂಚಿನ ಸಮಾಲೋಚನೆ, ಇವು ಇಂದಿನಿಂದಲೇ ಸಿಗ್ನಲ್‌ಗೆ ಹೋಗಲಿ. ಕಲಿಯಲು ಒಂದು ಸಂಜೆ ಸಾಕು. ನಿಗದಿತ ದಿನಗಳ ನಂತರ ಮಾತು ತಾನೇ ಅಳಿಯುವಂತೆ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಉಳಿಯುವವರು ಗೂಗಲ್‌ಗೆ ಹೋಗುವ ಪ್ರತಿಯ ಗೂಢಲಿಪಿಯನ್ನಾದರೂ ಚಾಲೂ ಮಾಡಿರಿ. ಜಿಲ್ಲೆಯ ಸಂಘಗಳು ಒಟ್ಟಾಗಿ ವಂತಿಗೆ ಎತ್ತಿ, ಬಲ್ಲ ಯುವಕರನ್ನು ಹುಡುಕಿ, ನಮ್ಮದೇ ಸರ್ವರ್ ಕಟ್ಟುವುದು ಮುಂದಿನ ಗುರಿ. ಅಲ್ಲಿಯವರೆಗೆ ಅವಸರ ಬೇಡ. ಕೆಟ್ಟದಾಗಿ ನಡೆಸಿದ ಸ್ವಂತ ಸರ್ವರ್ ಚೆನ್ನಾಗಿ ನಡೆಯುವ ಪರರದಕ್ಕಿಂತ ಅಪಾಯ.

ಕಡೆಯ ಮಾತು ಮರೆಯಬಾರದು. ಆ ಮೂವರ ಗೇಟ್ ಪಾಸು ಹೋದದ್ದು ಗೂಢಲಿಪಿ ಮುರಿದದ್ದರಿಂದಲ್ಲ. ಗುಂಪಿನಲ್ಲಿದ್ದ ಒಬ್ಬ, ಹೊಸ ಕೆಲಸದ ಆಸೆಗೆ, ತನ್ನ ಫೋನನ್ನು ತೋರಿಸಿದ್ದರಿಂದ. ಫೋನೇ ಪರರ ಕೈಗೆ ಹೋದರೆ ಯಾವ ಮುದ್ರೆಯೂ ಉಳಿಯದೆಂಬುದು 2019ರಲ್ಲಿ ಪೆಗಾಸಸ್ ಬೇಹುಗಾರಿಕೆ ಬಯಲಾದಾಗಲೇ ತಿಳಿದಿತ್ತು. ಆಸೆಗೂ ಅಂಜಿಕೆಗೂ ಬಗ್ಗದ ಹತ್ತು ಜನ ಇಲ್ಲದ ಸಂಘಕ್ಕೆ ಯಾವ ಆಪೂ ರಕ್ಷಣೆಯಲ್ಲ. ಅಂಥ ಹತ್ತು ಜನ ತಯಾರಾಗುವುದು ಮೊಬೈಲಿನಲ್ಲಿ ಅಲ್ಲ, ಪಾಳಿ ಮುಗಿದ ಮೇಲೆ ಒಟ್ಟಿಗೆ ಕುಳಿತು ಆಡುವ ಮಾತಿನಲ್ಲಿ. ಬೀಗ ಒಳ್ಳೆಯದಿರಲಿ, ಮನೆಯವರೂ ಒಂದಾಗಿರಲಿ.